ಸುಮ್ಮನೆ ಎಂಟರ್ ಒತ್ತಿದರೆ ಏನಾಗಬೇಕು?

ಪೆನ್‌ಡ್ರೈವ್ ಆಗಿದ್ದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕೆಲಸ ಮುಗಿಯುತ್ತಿತ್ತು. ಅವತ್ತು ನಾಲ್ಕೈದು ಸೆಕೆಂಡ್ ಆದರೂ ಕರ್ಸರ್ ಸುಮ್ಮನೆ ಮಿಟುಕುತ್ತಾ ನಿಂತಿತ್ತು. ಮೇಜಿನ ಮೇಲಿದ್ದ ಆಪಾಳ ಹಾರ್ಡ್ ಡಿಸ್ಕಿನ ಪುಟ್ಟ ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದನ್ನು ನೋಡಿದಾಗಲೇ ನನಗೆ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಕೇಬಲ್ ಕೀಳುವಷ್ಟರಲ್ಲಿ ಪ್ರಾಂಪ್ಟ್ ವಾಪಸ್ ಬಂದಿತ್ತು. ಅಂದರೆ ಕೆಲಸ ಯಾವ ತೊಂದರೆಯೂ ಇಲ್ಲದೆ, ಅಚ್ಚುಕಟ್ಟಾಗಿ ಮುಗಿದಿತ್ತು.

ಆಗ ನಾನು ಪ್ರಥಮ ಪಿಯುಸಿ. ಕಾಲೇಜಿನ ಲ್ಯಾಬಿನಲ್ಲಿ ಉಬುಂಟು ನೋಡಿ ಆಸೆಯಾಗಿ, ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಕೊಂಡಿದ್ದೆ. ಅಬ್ಬಾ ಅವರದು ಜೆರಾಕ್ಸ್ ಅಂಗಡಿ. ಊರಿನ ಎಲ್ಲ ಪೆನ್‌ಡ್ರೈವ್‌ಗಳ ವೈರಸ್ಸೂ ಒಂದಲ್ಲ ಒಂದು ದಿನ ಅಲ್ಲಿಗೆ ಬಂದೇ ಬರುತ್ತದೆ. ವಾರಕ್ಕೊಮ್ಮೆ ಅಂಗಡಿಯ ಪೆನ್‌ಡ್ರೈವ್‌ಗಳನ್ನು ಫಾರ್ಮ್ಯಾಟ್ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಪ್ರತಿ ಸಲ ಉದ್ದದ ಕಮಾಂಡ್ ಟೈಪ್ ಮಾಡಲು ಬೇಸರವಾಗಿ ಆರು ಸಾಲಿನ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಬರೆದ ದಿನ ಅದನ್ನು ಮನೆಯವರಿಗೆಲ್ಲ ತೋರಿಸಿ ಜಂಬವನ್ನೂ ಕೊಚ್ಚಿಕೊಂಡಿದ್ದೆ.

ಆ ಆರು ಸಾಲಿನಲ್ಲಿ ಎರಡು ಸಾಲು ಕೆಟ್ಟವು. ಒಂದು: ಯಾವ ಡಿಸ್ಕ್ ಎಂದು ಹೇಳದಿದ್ದರೆ ಎಸ್‌ಡಿಬಿ1 ಎಂದು ತಿಳಿದುಕೊ. ಇನ್ನೊಂದು: ಡಿಸ್ಕ್ ಬಳಕೆಯಲ್ಲಿದ್ದರೆ ಮೊದಲು ಅದನ್ನು ಬಿಡಿಸಿಬಿಡು.

ಎಸ್‌ಡಿಬಿ1 ಎಂದರೇನು ಎಂದು ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳತಿಯರಿಗೆ ಹೇಳಬೇಕು. ಲಿನಕ್ಸಿನಲ್ಲಿ ಲ್ಯಾಪ್‌ಟಾಪಿನೊಳಗಿನ ಡಿಸ್ಕಿಗೆ ಸಾಮಾನ್ಯವಾಗಿ ಎಸ್‌ಡಿಎ ಎಂದು ಹೆಸರು ಬೀಳುತ್ತದೆ. ಆಮೇಲೆ ಯಾವುದು ಬಂದು ಚುಚ್ಚಿಕೊಳ್ಳುತ್ತದೋ ಅದು ಎಸ್‌ಡಿಬಿ, ಅದರ ನಂತರದ್ದು ಎಸ್‌ಡಿಸಿ. ಕೊನೆಯ 1 ಎಂದರೆ ಅದರ ಮೊದಲನೆಯ ಪಾರ್ಟಿಷನ್. ಇದು ಬಸ್ಸಿನ ಸೀಟಿನ ಲೆಕ್ಕ, ಮೊದಲು ಹತ್ತಿದವರಿಗೆ ಮೊದಲ ಸೀಟು. ನಿನ್ನೆ ಆ ಸೀಟಿನಲ್ಲಿ ಕೂತಿದ್ದವರೇ ಇವತ್ತೂ ಕೂತಿರಬೇಕೆಂಬ ನಿಯಮವಿಲ್ಲ. ಆ ದಿನ ಆಪಾ ತನ್ನ ಮದುವೆಯ ಫೋಟೊ ಹುಡುಕಲು 500 ಜಿಬಿ ಹಾರ್ಡ್ ಡಿಸ್ಕನ್ನು ಮೊದಲೇ ಚುಚ್ಚಿಟ್ಟು ಅಡುಗೆಮನೆಗೆ ಹೋಗಿದ್ದಳು. ನಾನು ಬಂದು ಪಕ್ಕದಲ್ಲಿ ಪೆನ್‌ಡ್ರೈವ್ ಚುಚ್ಚಿದೆ, ಮೇಲಿನ ಬಾಣದ ಕೀ ಒತ್ತಿ ನಿನ್ನೆಯ ಕಮಾಂಡ್ ತಂದುಕೊಂಡೆ, ಎಂಟರ್ ಒತ್ತಿದೆ.

ಫಾರ್ಮ್ಯಾಟ್ ಮಾಡುವ ಮೂಲ ಪ್ರೋಗ್ರಾಂ ಅಷ್ಟೇನೂ ದಡ್ಡನಲ್ಲ. ಬಳಕೆಯಲ್ಲಿರುವ ಡಿಸ್ಕ್ ಕೊಟ್ಟರೆ ಅದು ಒಲ್ಲೆ ಎನ್ನುತ್ತದೆ. ಆ ಒಲ್ಲೆ ಎನ್ನುವ ಮಾತು ಕಿರಿಕಿರಿ ಎನಿಸಿದ್ದಕ್ಕೇ ನಾನು ಎರಡನೆಯ ಕೆಟ್ಟ ಸಾಲನ್ನು ಬರೆದಿದ್ದು. ಒಮ್ಮೆ ಡಿಸ್ಕನ್ನು ಬಿಡಿಸಿಕೊಟ್ಟ ಮೇಲೆ, ನಾನು ಬಳಸುತ್ತಿದ್ದ ಎಂಕೆಎಫ್‌ಎಸ್ ಡಾಟ್ ವಿಫ್ಯಾಟ್ ಎಂಬ ಪ್ರೋಗ್ರಾಂ ಒಳಗೆ ಮೊದಲೇ ಏನಾದರೂ ಇದೆಯೇ ಎಂದು ನೋಡುವುದಿಲ್ಲ, ಕೇಳುವುದೂ ಇಲ್ಲ. ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತದೆ.

ಆಪಾ ಬಂದು ನೋಡಿದಳು. ಬೈಯಲಿಲ್ಲ. "ದಾದಾ ಅವರ ವಿಡಿಯೊ ಬೇರೆ ಎಲ್ಲಾದರೂ ಇದೆಯಾ?" ಎಂದು ಮಾತ್ರ ಕೇಳಿದಳು.

ಇರಲಿಲ್ಲ.

ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ತರಗತಿಯ ಹಾಜರಿ ಪುಸ್ತಕವನ್ನು ಹರಿದು ಹೊಸ ಖಾಲಿ ಪುಸ್ತಕ ಇಟ್ಟ ಹಾಗೆ ಅದು. ಮಕ್ಕಳು ಬೆಂಚಿನ ಮೇಲೇ ಕೂತಿರುತ್ತಾರೆ, ಪುಸ್ತಕದ ಪ್ರಕಾರ ಮಾತ್ರ ಕ್ಲಾಸ್ ಖಾಲಿ. ಹೊಸಬರು ಬಂದು ಅದೇ ಜಾಗದಲ್ಲಿ ಕೂತಾಗಲೇ ಹಳಬರು ನಿಜವಾಗಿ ಹೋಗುವುದು. ಈ ಭರವಸೆಯ ಮೇಲೆ ಅಂಗಡಿಯಿಂದ ಇನ್ನೊಂದು ಹಾರ್ಡ್ ಡಿಸ್ಕ್ ತಂದು (ಕಳೆದುಕೊಂಡ ಡಿಸ್ಕಿನ ಮೇಲೆ ಮತ್ತೇನನ್ನೂ ಬರೆಯಬಾರದು, ಇದು ನೆನಪಿರಲಿ), ಫೋಟೊರೆಕ್ ಎಂಬ ಉಚಿತ ಪ್ರೋಗ್ರಾಂ ಓಡಿಸಿದೆ. ಅದು ಹಾಜರಿ ಪುಸ್ತಕದ ಗೋಜಿಗೇ ಹೋಗದೆ ಬೆಂಚಿನಿಂದ ಬೆಂಚಿಗೆ ನಡೆಯುತ್ತದೆ. ಜೆಪೆಗ್ ಫೋಟೊ ಯಾವಾಗಲೂ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಬೈಟ್‌ಗಳಿಂದ ಶುರುವಾಗುತ್ತದೆ. ಅಂಥ ಗುರುತು ಕಂಡಲ್ಲೆಲ್ಲ ಅಲ್ಲಿಂದ ಎತ್ತಿಕೊಳ್ಳುತ್ತದೆ. ರಾತ್ರಿಯಿಡೀ ಓಡಿತು. ಫಜರ್ ನಮಾಜಿಗೆ ಎದ್ದಾಗ ನೋಡಿದರೆ ಮದುವೆಯ ಫೋಟೊಗಳು ಬಂದಿದ್ದವು, ಸಾವಿರಾರು. ಆದರೆ ಒಂದಕ್ಕೂ ಹೆಸರಿಲ್ಲ. ಎಲ್ಲವೂ ಎಫ್ ಎಂಬ ಅಕ್ಷರದ ಮುಂದೆ ಒಂದಿಷ್ಟು ಅಂಕಿಗಳು. ಮೆಹಂದಿಯ ಫೋಟೊ, ಅಂಗಡಿಯ ಬಿಲ್ಲಿನ ಫೋಟೊ, ಯಾರದೋ ಆಧಾರ್ ಕಾರ್ಡ್ ಎಲ್ಲ ಒಂದೇ ಸಾಲಿನಲ್ಲಿ.

ದಾದಾ ಅವರ ವಿಡಿಯೊ ಬರಲಿಲ್ಲ. ಏಕೆಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. 500 ಜಿಬಿ ಡಿಸ್ಕನ್ನು ಫ್ಯಾಟ್32 ಮಾಡುವಾಗ ಆ ಪ್ರೋಗ್ರಾಂ ಅದನ್ನು 32 ಕೆಬಿಯ ತುಂಡುಗಳಾಗಿ ಲೆಕ್ಕ ಹಾಕುತ್ತದೆ. ಒಂದೂವರೆ ಕೋಟಿಗೂ ಹೆಚ್ಚು ತುಂಡುಗಳು, ಒಂದೊಂದಕ್ಕೆ ಹಾಜರಿ ಪುಸ್ತಕದಲ್ಲಿ 4 ಬೈಟ್, ಅಂಥ ಪುಸ್ತಕದ ಎರಡು ಪ್ರತಿ. ಕೂಡಿಸಿದರೆ ಸುಮಾರು 120 ಎಂಬಿ. ಈ 120 ಎಂಬಿ ಬರೆಯಲ್ಪಡುವುದು ಡಿಸ್ಕಿನ ಆರಂಭದಲ್ಲೇ. ಆ ದೀಪ ನಾಲ್ಕೈದು ಸೆಕೆಂಡ್ ಪಟಪಟ ಅಂದಿದ್ದು ಅದಕ್ಕೇ. ಡಿಸ್ಕ್ ಹೊಸದಾಗಿ ಬಂದ ದಿನ ನಾವು ಅದಕ್ಕೆ ಹಾಕಿದ ಮೊಟ್ಟಮೊದಲ ಫೈಲ್ ದಾದಾ ಅವರ ವಿಡಿಯೊ. ಅತಿ ಮುಖ್ಯವಾದದ್ದು ಮೊದಲು ಇರಲಿ ಎಂದು ಆಪಾ ಹೇಳಿದ್ದಳು.

ಅದರಲ್ಲಿ ದಾದಾ ಈದ್ ದಿನ ಹಜಾರದಲ್ಲಿ ಕೂತು ನಮ್ಮ ಖಾಂದಾನಿನ ಏಳು ತಲೆಮಾರಿನ ಹೆಸರು ಹೇಳಿದ್ದರು. ಯಾರು ಎಲ್ಲಿಂದ ಬಂದರು, ಯಾರು ಯಾವ ಕೆಲಸ ಮಾಡುತ್ತಿದ್ದರು ಎಂದೂ. ಮಾರನೆಯ ವರ್ಷದ ಈದ್‌ಗೆ ಅವರು ಇರಲಿಲ್ಲ.

ಆ ತಿಂಗಳು ನಾನು ಓದಿದ್ದೆಲ್ಲ ಡೀಫಾಲ್ಟ್ ಬಗ್ಗೆ. ನಾವು ಏನೂ ಹೇಳದೆ ಇದ್ದಾಗ ಯಂತ್ರ ತಾನಾಗಿ ಹಿಡಿಯುವ ದಾರಿಗೆ ಡೀಫಾಲ್ಟ್ ಎನ್ನುತ್ತಾರೆ. ಹೋಟೆಲಿನಲ್ಲಿ "ಒಂದು ಟೀ" ಎಂದರೆ ಸಕ್ಕರೆ ಹಾಕಿದ ಟೀ ಬರುತ್ತದೆ. ಸಕ್ಕರೆ ಬೇಡದವರು ಬಾಯಿಬಿಟ್ಟು ಹೇಳಬೇಕು. ಅದರಿಂದ ದೊಡ್ಡ ನಷ್ಟವೇನಿಲ್ಲ, ತಪ್ಪಾದರೆ ಇನ್ನೊಂದು ಟೀ. ಫಾರ್ಮ್ಯಾಟ್ ಮಾಡುವ ಪ್ರೋಗ್ರಾಮಿನಲ್ಲೂ ಇಂಥ ಹತ್ತಾರು ಸಕ್ಕರೆಗಳಿವೆ. ತುಂಡಿನ ಗಾತ್ರ ಎಷ್ಟು, ಹಾಜರಿ ಪುಸ್ತಕದ ಪ್ರತಿ ಎಷ್ಟು, ಇದನ್ನೆಲ್ಲ ನಮ್ಮನ್ನು ಕೇಳಿದರೆ ನಮಗೇನು ಗೊತ್ತು? ಅವನ್ನು ಬಲ್ಲವರು ಮೊದಲೇ ನಿರ್ಧರಿಸಿಟ್ಟಿರುವುದು ಉಪಕಾರವೇ. ಹಾಗೆಂದು ಅವೂ ಎಂದೆಂದಿಗೂ ಸರಿಯಾಗಿ ಉಳಿಯುವುದಿಲ್ಲ. ಲಿನಕ್ಸಿನ ಇಎಕ್ಸ್‌ಟಿ4 ಮಾಡುವ ಪ್ರೋಗ್ರಾಂ ಇವತ್ತಿಗೂ ಡಿಸ್ಕಿನ ನೂರಕ್ಕೆ 5 ಭಾಗವನ್ನು ಸಿಸ್ಟಂ ಮೇಲ್ವಿಚಾರಕರಿಗೆಂದು ಎತ್ತಿಡುತ್ತದೆ. ಡಿಸ್ಕ್ ಚಿಕ್ಕದಿದ್ದ ಕಾಲಕ್ಕೆ ಅದು ಸರಿ. 1 ಟಿಬಿ ಡಿಸ್ಕಿನಲ್ಲಿ ಬರೀ ಫೋಟೊ ಇಡುವವರಿಗೆ ಸುಮ್ಮನೆ 50 ಜಿಬಿ ಕಾಣೆ. ಕಿರಿಕಿರಿ ನಿಜ, ಆದರೆ ಆಮೇಲೆ ಒಂದು ಕಮಾಂಡಿನಿಂದ ಬದಲಾಯಿಸಿಕೊಳ್ಳಬಹುದು.

ಯಾವ ಡಿಸ್ಕ್ ಎಂಬುದು ಸಕ್ಕರೆಯಲ್ಲ. ನಾನು ಅದನ್ನೂ ಸಕ್ಕರೆಯ ಡಬ್ಬಿಗೆ ಹಾಕಿಬಿಟ್ಟಿದ್ದೆ. ಓದುತ್ತಾ ಹೋದಾಗ ಈ ತಪ್ಪು ಮಾಡಿದವರಲ್ಲಿ ನಾನು ಮೊದಲಿಗಳಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. 1980ರ ದಶಕದ ಆರಂಭದ ಡಾಸ್‌ನಲ್ಲಿ ಯಾವ ಡ್ರೈವ್ ಎಂದು ಹೇಳದೆ ಫಾರ್ಮ್ಯಾಟ್ ಎಂದಷ್ಟೇ ಹೊಡೆದರೆ, ಆ ಹೊತ್ತಿಗೆ ಎಲ್ಲಿ ಕೆಲಸ ಮಾಡುತ್ತಿದ್ದೀರೋ ಆ ಡ್ರೈವನ್ನೇ ಫಾರ್ಮ್ಯಾಟ್ ಮಾಡಲು ಹೊರಡುತ್ತಿತ್ತು. ಫ್ಲಾಪಿಯ ಕಾಲದಲ್ಲಿ ಅದರಿಂದ ಒಂದು ಫ್ಲಾಪಿ ಹೋಗುತ್ತಿತ್ತು, ಹಾರ್ಡ್ ಡಿಸ್ಕ್ ಬಂದ ಮೇಲೆ ಎಲ್ಲವೂ ಹೋಗುತ್ತಿತ್ತು. ನಂತರದ ಆವೃತ್ತಿಗಳಲ್ಲಿ ಡ್ರೈವಿನ ಅಕ್ಷರ ಹೇಳಲೇಬೇಕೆಂದು ಮಾಡಿದರು. 1991ರ ಎಂಎಸ್-ಡಾಸ್ 5ರಲ್ಲಿ ಫಾರ್ಮ್ಯಾಟ್ ಮಾಡಿದ್ದನ್ನು ಹಿಂದಕ್ಕೆ ತರುವ ಅನ್‌ಫಾರ್ಮ್ಯಾಟ್ ಎಂಬ ಕಮಾಂಡೂ ಬಂತು. ನಾನು ಹುಟ್ಟುವ ಮೊದಲೇ ಜಗತ್ತು ಕಲಿತಿದ್ದ ಪಾಠವನ್ನು ನನ್ನ ಆರು ಸಾಲಿನಲ್ಲಿ ಮರೆತಿದ್ದೆ.

ರಂಜಾನಿನಲ್ಲಿ ಸೆಹ್ರಿ ಮುಗಿಸಿ ಏಳುವಾಗ ದಾದಿ ಪ್ರತಿದಿನ ಕೇಳುತ್ತಾರೆ, "ನಿಯ್ಯತ್ ಮಾಡಿದೆಯಾ ಬೇಟಾ?" ನಿನ್ನೆ ಮಾಡಿದ್ದೆ ಎಂದರೆ ಅವರು ಒಪ್ಪುವುದಿಲ್ಲ. ಇವತ್ತಿನ ರೋಜಾಗೆ ಇವತ್ತಿನ ನಿಯ್ಯತ್. ಮೇಲಿನ ಬಾಣದ ಕೀ ಒತ್ತಿ ನಿನ್ನೆಯ ಕಮಾಂಡ್ ತಂದು ಎಂಟರ್ ಹೊಡೆದಾಗ ನನ್ನಲ್ಲಿ ಯಾವ ನಿಯ್ಯತ್ತೂ ಇರಲಿಲ್ಲ, ಬೆರಳಿತ್ತು ಅಷ್ಟೇ.

ದ್ವಿತೀಯ ಪಿಯುಸಿಗೆ ಬಂದ ಮೇಲೆ ನಮ್ಮ ಕಂಪ್ಯೂಟರ್ ಸೈನ್ಸ್ ಮೇಡಂ ಬಳಿ ಹೋಗಿ, ಲ್ಯಾಬಿನ 18 ಪೆನ್‌ಡ್ರೈವ್‌ಗಳಿಗಾಗಿ ಒಂದು ಫಾರ್ಮ್ಯಾಟ್ ಪ್ರೋಗ್ರಾಂ ಬರೆಯಲೇ ಎಂದು ಕೇಳಿದೆ. "ನೀನಾ?" ಎಂದರು. ಅವರಿಗೆ ಕಥೆ ಗೊತ್ತಿತ್ತು. ಆಮೇಲೆ ನಕ್ಕು, "ನೀನೇ ಬರೆಯಬೇಕು ಬಿಡು" ಎಂದರು.

ಪೈತಾನ್‌ನಲ್ಲಿ ಬರೆದೆ. ಹೆಸರು "ಸಾಫ್". ಮೊದಲ ಆವೃತ್ತಿಯಲ್ಲಿ ಯಾವ ಡಿಸ್ಕ್ ಎಂದು ಹೇಳದಿದ್ದರೆ ಅದು ಇರುವ ಡಿಸ್ಕ್‌ಗಳ ಪಟ್ಟಿ ತೋರಿಸಿ ಸುಮ್ಮನೆ ನಿಲ್ಲುತ್ತಿತ್ತು. ಹೇಳಿದರೆ "ಖಂಡಿತವೇ?" ಎಂದು ಕೇಳುತ್ತಿತ್ತು. ಇಎಕ್ಸ್‌ಟಿ4 ಪ್ರೋಗ್ರಾಮಿನಿಂದ ಕಲಿತ ಹಾಗೆ ಸಣ್ಣ ವೈ, ದೊಡ್ಡ ಎನ್. ದೊಡ್ಡ ಅಕ್ಷರದ್ದು ಡೀಫಾಲ್ಟ್, ಅಂದರೆ ಸುಮ್ಮನೆ ಎಂಟರ್ ಒತ್ತಿದರೆ ಬೇಡ ಎಂದರ್ಥ. ಇಷ್ಟು ಮಾಡಿ ನಾನು ಗೆದ್ದೆ ಎಂದುಕೊಂಡೆ.

ಪರೀಕ್ಷಿಸಲು ಗೆಳತಿಯನ್ನು ಕೂರಿಸಿದೆ. 18 ಪೆನ್‌ಡ್ರೈವ್ ಅವಳ ಮುಂದೆ. ಮೊದಲ ಎರಡಕ್ಕೆ ಅವಳು ಪರದೆಯನ್ನು ಓದಿದಳು. ಮೂರನೆಯದರಿಂದ ಪ್ರಶ್ನೆ ಮೂಡುವ ಮೊದಲೇ ಬೆರಳು ವೈ ಮೇಲಿತ್ತು. ಹನ್ನೊಂದನೆಯದು ನಾನು ಬೇಕೆಂದೇ ನಡುವೆ ಸೇರಿಸಿದ್ದ ನನ್ನ ಸ್ವಂತದ ಪೆನ್‌ಡ್ರೈವ್ (ಒಳಗಿದ್ದವುಗಳ ಪ್ರತಿ ಬೇರೆ ಕಡೆ ಇಟ್ಟಿದ್ದೆ, ಇಷ್ಟಾದರೂ ಕಲಿತಿದ್ದೇನೆ). ಅದನ್ನೂ ತೊಳೆದು ಕೊಟ್ಟಳು. "ನೀನು ಓದಲೇ ಇಲ್ಲ" ಎಂದೆ. "ಎಲ್ಲದಕ್ಕೂ ಒಂದೇ ಪ್ರಶ್ನೆ ಕೇಳಿದರೆ ಯಾರು ಓದ್ತಾರೆ?" ಎಂದಳು. ಸರಿಯಾಗಿ ಹೇಳಿದಳು. ಖಾಲಿ ಪೆನ್‌ಡ್ರೈವಿಗೂ ತುಂಬಿದ ಪೆನ್‌ಡ್ರೈವಿಗೂ ಒಂದೇ ದನಿಯಲ್ಲಿ ಕೂಗುವ ಕಾವಲುಗಾರ ಕಾವಲುಗಾರನೇ ಅಲ್ಲ.

ಎರಡನೆಯ ಆವೃತ್ತಿಯಲ್ಲಿ ಖಾಲಿ ಇದ್ದದ್ದಕ್ಕೆ ಪ್ರಶ್ನೆಯೇ ಇಲ್ಲ. ಏನಾದರೂ ಇದ್ದರೆ ಎಷ್ಟು ಫೈಲ್ ಇವೆ, ಇತ್ತೀಚಿನ ಮೂರರ ಹೆಸರೇನು, ಯಾವ ದಿನಾಂಕದವು ಎಂದು ತೋರಿಸುತ್ತದೆ. ಮುಂದುವರಿಯಬೇಕಾದರೆ ಆ ಪೆನ್‌ಡ್ರೈವಿನ ಹೆಸರನ್ನು ಟೈಪ್ ಮಾಡಬೇಕು. ಈ ಉಪಾಯ ನನ್ನದಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಕೊಟ್ಟು ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಲು ಹೊರಟರೆ ಅದು ಈಗಿರುವ ಹೆಸರೇನು ಎಂದು ಕೇಳುತ್ತದೆ. ವೈ ಎಂದು ಒತ್ತಲು ಬೆರಳು ಸಾಕು, ಹೆಸರು ಬರೆಯಲು ಒಮ್ಮೆ ಕಣ್ಣೆತ್ತಿ ನೋಡಲೇಬೇಕು. ಇದಕ್ಕಾಗಿ ಮೊದಲು 18ಕ್ಕೂ ಹೆಸರಿಟ್ಟು, ಮೇಲೆ ಚೀಟಿ ಅಂಟಿಸಬೇಕಾಯಿತು. ಮತ್ತೆ ಓಡಿಸಿದಾಗ ಪ್ರಶ್ನೆ ಬಂದಿದ್ದು ನಾಲ್ಕಕ್ಕೆ ಮಾತ್ರ. ನಾಲ್ಕನ್ನೂ ಗೆಳತಿ ಓದಿದಳು. ಒಂದರ ಮುಂದೆ ನಿಂತು, "ಇದರಲ್ಲಿ ಯಾರದೋ ಫಿಸಿಕ್ಸ್ ಪ್ರಾಜೆಕ್ಟ್ ಇದೆ ಕಣೇ" ಎಂದಳು. ಪ್ರೋಗ್ರಾಂ ಬರೆದ ಖುಷಿ ನನಗೆ ಸಿಕ್ಕಿದ್ದು ಆ ಒಂದು ಕ್ಷಣದಲ್ಲಿ.

ಹಾರ್ಡ್ ಡಿಸ್ಕ್ ಕಂಡರೆ ಸಾಫ್ ಕೈ ಮುಟ್ಟುವುದಿಲ್ಲ. ಪೆನ್‌ಡ್ರೈವ್ ಸಾಮಾನ್ಯವಾಗಿ ತನ್ನನ್ನು "ತೆಗೆಯಬಹುದಾದದ್ದು" ಎಂದು ಹೇಳಿಕೊಳ್ಳುತ್ತದೆ, ಯುಎಸ್‌ಬಿ ಹಾರ್ಡ್ ಡಿಸ್ಕ್ ಹಾಗೆ ಹೇಳಿಕೊಳ್ಳುವುದಿಲ್ಲ. ಕೆಲವು ಪೆನ್‌ಡ್ರೈವ್‌ಗಳು ಸುಳ್ಳು ಹೇಳುವುದರಿಂದ ಗಾತ್ರವನ್ನೂ ನೋಡುತ್ತೇನೆ, 64 ಜಿಬಿ ದಾಟಿದರೆ ಇಲ್ಲ. 128 ಜಿಬಿಯ ಪೆನ್‌ಡ್ರೈವ್ ಇರುವ ಸಹಪಾಠಿಯೊಬ್ಬಳು ಇದರಿಂದ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಅವಳಿಗಾಗಿ ಒಂದು ಸ್ವಿಚ್ ಇದೆ, ಪೂರ್ತಿ ಪದ ಟೈಪ್ ಮಾಡಬೇಕು. ಒಂದಕ್ಷರದ ಸ್ವಿಚ್ ಕೊಡು ಎಂದು ಕೇಳಿದಳು, ಕೊಡಲಿಲ್ಲ. ಬೇಕಾದರೆ ಇನ್ನೂ ಮುನಿಸಿಕೊಳ್ಳಲಿ.

ಮೇಡಂ ಜೊತೆಗಿನ ಜಗಳ ಇದಕ್ಕಿಂತ ದೊಡ್ಡದು. ನನ್ನ ಪ್ರೋಗ್ರಾಂ ಡೀಫಾಲ್ಟ್ ಆಗಿ ಹಾಜರಿ ಪುಸ್ತಕವನ್ನಷ್ಟೇ ಬದಲಿಸುತ್ತದೆ. ನನ್ನಂಥವಳು ತಪ್ಪು ಮಾಡಿದರೆ ಫೋಟೊರೆಕ್ ಓಡಿಸಿ ಒಂದಿಷ್ಟಾದರೂ ಉಳಿಸಿಕೊಳ್ಳಲಿ ಎಂಬ ಲೆಕ್ಕ. ಇದನ್ನು ತೋರಿಸಲೆಂದು ಮೇಡಂ ಎದುರೇ ಫಾರ್ಮ್ಯಾಟ್ ಆಗಿದ್ದ ಪಿಡಿ07 ಎಂಬ ಪೆನ್‌ಡ್ರೈವಿನ ಮೇಲೆ ಫೋಟೊರೆಕ್ ಓಡಿಸಿದೆ. ಬಂದ ಫೈಲ್‌ಗಳಲ್ಲಿ ಒಂದು, ಹಿಂದಿನ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ. ಪರೀಕ್ಷೆ ಮುಗಿದುಹೋಗಿದ್ದು ನನ್ನ ಪುಣ್ಯ. ಮೇಡಂ ಒಂದು ನಿಮಿಷ ಮಾತಾಡಲಿಲ್ಲ. "ಫಾರ್ಮ್ಯಾಟ್ ಮಾಡಿದ್ದೇನೆ ಅಂತ ಇದನ್ನು ಎಷ್ಟು ಮಕ್ಕಳ ಕೈಗೆ ಕೊಟ್ಟಿದ್ದೇನೋ" ಎಂದರು. ಅವರ ಮಾತು: ಡೀಫಾಲ್ಟ್ ಆಗಿ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯಬೇಕು. ವಿಂಡೋಸ್ ವಿಸ್ಟಾದಿಂದ ಈಚೆಗೆ ಅಲ್ಲಿನ ಪೂರ್ತಿ ಫಾರ್ಮ್ಯಾಟ್ ಹಾಗೆಯೇ ಮಾಡುತ್ತದೆ.

ನನ್ನ ಮಾತು: ಕಳೆದುಕೊಂಡವರು ಮರಳಿ ಪಡೆಯುವಂತಿರಬೇಕು. ಅವರ ಮಾತು: ಅಳಿಸಿದವರು ನಿಶ್ಚಿಂತರಾಗುವಂತಿರಬೇಕು. ಎರಡು ವಾರ ವಾದ ನಡೆಯಿತು. ಒಬ್ಬರಿಗೆ ಕಾವಲಾಗಿರುವ ಡೀಫಾಲ್ಟ್ ಇನ್ನೊಬ್ಬರಿಗೆ ತೆರೆದ ಬಾಗಿಲು ಎಂದು ನಾನು ಅದಕ್ಕೆ ಮುಂಚೆ ಯೋಚಿಸಿರಲಿಲ್ಲ. ನನ್ನ ಡೀಫಾಲ್ಟನ್ನು ನಾನು ಬದಲಿಸಲಿಲ್ಲ. ಸೊನ್ನೆ ಬರೆಯದೆ ತಪ್ಪಾದರೆ ಆಮೇಲಾದರೂ ಬರೆಯಬಹುದು, ಬರೆದು ತಪ್ಪಾದರೆ ಮಾಡುವುದಕ್ಕೇನೂ ಉಳಿಯುವುದಿಲ್ಲ. ಆದರೆ ಕೆಲಸ ಮುಗಿದಾಗ ಮೊದಲು "ಪೆನ್‌ಡ್ರೈವ್ ಸಾಫ್ ಆಯಿತು" ಎಂದು ಬರುತ್ತಿದ್ದ ಸಾಲನ್ನು ತೆಗೆದೆ, ಅದು ಸುಳ್ಳು. ಈಗ ಬರುವ ಸಾಲು: "ಪಟ್ಟಿ ಮಾತ್ರ ಹೊಸದು. ಹಳೆಯ ಫೈಲ್‌ಗಳು ಒಳಗೆ ಇನ್ನೂ ಇರಬಹುದು." ಪೂರ್ತಿ ಅಳಿಸಲು ಬೇರೆ ಕಮಾಂಡ್ ಇದೆ. ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಮೇಡಂ ತಮಗೆ ಬೇಕಾದಂತೆ ಅದನ್ನೇ ಡೀಫಾಲ್ಟ್ ಮಾಡಿಕೊಂಡಿದ್ದಾರೆ. ಅದು ಅವರ ಹಕ್ಕು.

ಸಾಫ್ ಈಗ ಲ್ಯಾಬಿನ ಮೂರು ಕಂಪ್ಯೂಟರ್‌ಗಳಲ್ಲಿದೆ. ಫಿಸಿಕ್ಸ್ ಪ್ರಾಜೆಕ್ಟಿನ ಒಡತಿ ಯಾರೆಂದು ಕೊನೆಗೂ ಗೊತ್ತಾಯಿತು, ಪ್ರಥಮ ಪಿಯುಸಿಯ ಹುಡುಗಿ. ತನ್ನ ಫೈಲ್ ಎಂಥ ಅಪಾಯದಿಂದ ಪಾರಾಯಿತು ಎಂದು ಅವಳಿಗೆ ಹೇಳಲು ಹೋಗಲಿಲ್ಲ.

ಆಪಾ ಗಂಡನ ಮನೆಯಿಂದ ಬಂದಾಗಲೆಲ್ಲ ನಾವಿಬ್ಬರೂ ಕೂತು ಆ ಹೆಸರಿಲ್ಲದ ಫೋಟೊಗಳಿಗೆ ಹೆಸರಿಡುತ್ತೇವೆ. ಅರ್ಧ ಮುಗಿದಿದೆ. ದಾದಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾದಾ ಹೇಳಿದ್ದ ಏಳು ಹೆಸರುಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಐದು ಸಿಕ್ಕಿವೆ. ಆರನೆಯದಕ್ಕೆ ದಾದಿ ಒಂದು ದಿನ ಒಂದು ಹೆಸರು ಹೇಳುತ್ತಾರೆ, ಇನ್ನೊಂದು ದಿನ ಇನ್ನೊಂದು. "ಯಾವುದಾದರೂ ಒಂದು ಬರೆದುಬಿಡು ಬೇಟಾ" ಎನ್ನುತ್ತಾರೆ. ಎರಡನ್ನೂ ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದು, ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.